ನಿಂತ ಅಳತೆಯ ಟಾಪು

ನಮ್ಮನೆಯವರು ಅಳತೆಯಲ್ಲಿ ತಪ್ಪಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಅವರು ತಪ್ಪಿದ್ದೆಲ್ಲ ಅಳತೆ ಸರಿಯಾಗಿದ್ದಾಗಲೇ.

ತೂಕ ಮತ್ತು ಅಳತೆ ಕಚೇರಿಯಲ್ಲಿ ಅವರದು ಇಪ್ಪತ್ತೆರಡು ವರ್ಷದ ಕೆಲಸ. ಅಂಗಡಿಯವರ ತಕ್ಕಡಿ, ಬಟ್ಟೆಯವರ ಮೀಟರ್ ಕಡ್ಡಿ, ಹಾಲಿನವರ ಲೀಟರು, ಎಲ್ಲಕ್ಕೂ ಅವರ ಮೊಹರು ಬೀಳಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಅವತ್ತು ಅವರಿಗೆ ಊಟ ಸೇರುವುದಿಲ್ಲ. ಇಂಥವರು ಮನೆಗೆ ಬೀರು ತಂದಾಗ ಕೋಣೆಯ ಗೋಡೆ ಅಳೆದರು, ಬೀರುವಿನ ಅಗಲ ಅಳೆದರು, ನಡುವೆ ಗಾಳಿಯಾಡಲಿ ಎಂದು ಎರಡು ಮಿಲಿಮೀಟರ್ ಬಿಟ್ಟರು. ಮೆಟ್ಟಿಲಿನ ತಿರುವನ್ನು ಮಾತ್ರ ಅಳೆಯಲಿಲ್ಲ. ಆ ಬೀರು ಐದು ವರ್ಷದಿಂದ ಮೆಟ್ಟಿಲ ಬುಡದಲ್ಲೇ ನಿಂತಿದೆ. ಮೇಲಿನ ಮಹಡಿಯಾಕೆ ಅದರಲ್ಲಿ ತನ್ನ ಚಪ್ಪಲಿ, ಕೊಡೆ ಇಟ್ಟುಕೊಂಡು, ಎದುರಾದಾಗಲೆಲ್ಲ "ತುಂಬ ಅನುಕೂಲ ಆಯ್ತು ಕಣ್ರೀ" ಅನ್ನುತ್ತಾಳೆ.

ಇದು ಬೀರುವಿನ ಕಥೆಯಲ್ಲ, ಟಾಪಿನ ಕಥೆ. ಆದರೆ ಬೀರು ಅರ್ಥವಾದರೆ ಟಾಪು ಅರ್ಧ ಅರ್ಥವಾದ ಹಾಗೆ.

ನಮ್ಮ ಪುಟ್ಟಿಗೆ ಒಂಬತ್ತು ವರ್ಷ. ಡ್ಯಾನ್ಸ್ ಕ್ಲಾಸಿನಲ್ಲಿ ಹಿಂದಿನ ಸಾಲಿನ ಕೊನೆಯವಳು. ಈ ಸಲ ದೊಡ್ಡ ಸ್ಟೇಜಿನ ಮೇಲೆ 'ಬೆಳಗಿನ ಕೆರೆ' ಅನ್ನುವ ಕುಣಿತ. ಹನ್ನೆರಡು ಹಕ್ಕಿಗಳು ಮಂಜಿನ ಕೆರೆಯಲ್ಲಿ ನಿದ್ದೆ ಮಾಡುತ್ತಿರುತ್ತವೆ. ನಿಧಾನವಾಗಿ ಏಳುತ್ತವೆ, ನೀರು ಮುಟ್ಟುತ್ತವೆ, ರೆಕ್ಕೆ ನೇವರಿಸಿಕೊಳ್ಳುತ್ತವೆ. ಕೊನೆಗೆ ಬಿಸಿಲು ಬಂದಾಗ ಎರಡೂ ಕೈ ತಲೆಯ ಮೇಲಕ್ಕೆತ್ತಿ ಹಾರಿಹೋಗುತ್ತವೆ. ಪುಟ್ಟಿ ಕುಣಿತ ಕಲಿತದ್ದೇ ಆ ಕೊನೆಯ ಇಪ್ಪತ್ತು ಎಣಿಕೆಗಾಗಿ. ಮೂರು ತಿಂಗಳಿಂದ ಮನೆಯಲ್ಲಿ ಎಲ್ಲೆಂದರಲ್ಲಿ ಹಾರುತ್ತಿದ್ದಳು. ಹಲ್ಲುಜ್ಜುವಾಗ ಹಾರುವುದು, ಶೂ ಹಾಕಿಕೊಳ್ಳುವಾಗ ಹಾರುವುದು. ಹಿಮ್ಮಡಿ ನೆಲ ಬಿಡುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಕೈ ಮೇಲಕ್ಕೆ ಹೋಗುತ್ತ ಹೋಗುತ್ತ ಅವಳ ಮುಖ ನನ್ನ ಮಗಳದಾಗಿ ಉಳಿಯುತ್ತಿರಲಿಲ್ಲ. ಬೇರೆಲ್ಲಿಂದಲೋ ನಮ್ಮನ್ನು ನೋಡುತ್ತಿರುವವರ ಮುಖವಾಗುತ್ತಿತ್ತು.

ಮೇಡಂ ಹನ್ನೆರಡು ಮಕ್ಕಳಿಗೂ ಒಂದೇ ಅಂಗಡಿಯಿಂದ ಒಂದೇ ಸೈಜಿನ ರೆಡಿಮೇಡ್ ಟಾಪು ತರಿಸಿದರು. ಉದ್ದ ತೋಳು, ಎತ್ತರದ ಕತ್ತು, ಬೆಳಗಾಗುವುದಕ್ಕೆ ಸ್ವಲ್ಪ ಮುಂಚಿನ ಆಕಾಶದ ಬಣ್ಣ. ಕೈಯಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗದಂಥ ನುಣುಪು. "ಮೈಗೆ ಸರಿಯಾಗಿ ಹಿಡಿಸಿಕೊಂಡು ಬನ್ನಿ" ಎಂದು ಹೇಳಿ ಕಳಿಸಿದ್ದರು. ಪುಟ್ಟಿಗೆ ತೊಡಿಸಿ ನೋಡಿದೆವು. ತೋಳು ಬೆರಳು ದಾಟಿ ಒಂದು ಗೇಣು ಇಳಿದಿತ್ತು.

"ಕೊಕ್ಕರೆಗೆ ಕಂಬಳಿ ಹೊದಿಸಿದ ಹಾಗಿದೆ," ಅಂದರು ನಮ್ಮತ್ತೆ.

ನಮ್ಮನೆಯವರು ಅದನ್ನು ಬೀದಿ ಮೂಲೆಯ ಟೈಲರ್ ಹತ್ತಿರ ಒಯ್ದರು. ಆತ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದ: "ಮಗೂನ ಕರ್ಕೊಂಬನ್ನಿ ಸಾರ್. ಕುಣಿಸಿ ನೋಡ್ಬೇಕು."

"ಅಳತೆ ತಗೊಳ್ಳೋಕೆ ಕುಣಿಯೋದ್ಯಾಕ್ರೀ? ಕುಣಿಯೋ ತಕ್ಕಡಿಗೆ ನಾವು ಮೊಹರೇ ಹಾಕಲ್ಲ!"

"ತಕ್ಕಡಿ ನಿಮ್ಮದು ಸಾರ್. ಟಾಪು ನಮ್ಮದು."

ಅಷ್ಟೇ ಸಾಕಾಯಿತು. ಟಾಪನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. "ಎರಡು ಹೊಲಿಗೆ. ಬರೀ ಎರಡು. ಅದಕ್ಕೆ ಅವನ ಹತ್ರ ಹೋಗ್ಬೇಕಾ ಕಣೇ? ನಾನೇ ಮಾಡ್ತೀನಿ."

ಆ ಭಾನುವಾರ ಕಚೇರಿಯ ಉಕ್ಕಿನ ಟೇಪು ಮನೆಗೆ ಬಂತು. ಅದು ಅಂತಿಂಥ ಟೇಪಲ್ಲ. ಊರಿನ ಮಿಕ್ಕೆಲ್ಲ ಟೇಪುಗಳೂ ಅದರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾದಂಥ ಮೂಲ ಟೇಪು. ಪುಟ್ಟಿಯನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು.

"ನೇರ ನಿಲ್ಲು."

"ನಿಂತಿದ್ದೀನಪ್ಪ. ತಣ್ಣಗಿದೆ ಅದು."

"ಉಸಿರು ಹಿಡಿ."

"ಎಷ್ಟೊತ್ತು?"

"ಮಾತಾಡಿದ್ರೆ ಎರಡು ಮಿಲಿಮೀಟರ್ ಜಾಸ್ತಿಯಾಗುತ್ತೆ."

ಅತ್ತೆಗೆ ತಡೆಯಲಾಗಲಿಲ್ಲ. "ಮಗು ಉಸಿರಾಡೋದೂ ಬೇಡ್ವೇನೋ?"

"ಅಮ್ಮ, ಉಸಿರು ಹೋಗ್ತಾ ಬರ್ತಾ ಇರುತ್ತೆ. ಹೋಗಿ ಬರೋದನ್ನ ಅಳೆಯೋಕಾಗಲ್ಲ."

ಒಂದೊಂದು ಅಳತೆಯನ್ನೂ ಮೂರು ಸಲ ತೆಗೆದು, ಕೂಡಿ, ಮೂರರಿಂದ ಭಾಗಿಸಿ, ಬರೆದುಕೊಂಡರು. ಆಮೇಲೆ ಅತ್ತೆಯ ಹಳೆಯ ಹೊಲಿಗೆ ಮಷೀನಿನ ಮುಂದೆ ಕೂತರು.

ಬೀದಿಯೇ ಊಟ ಮುಗಿಸಿ ಮಲಗಿದ್ದ ಹೊತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದು, ಇರುವೆಯ ವೇಗದಲ್ಲಿ ಗೋಡೆಯ ಕಡೆಗೆ ಸರಿಯುತ್ತಿತ್ತು. ಮಷೀನು ದೂರದಲ್ಲೆಲ್ಲೋ ದೋಣಿ ಹೋಗುವ ಹಾಗೆ ಟುಕುಟುಕು ಅನ್ನುತ್ತಿತ್ತು. ಆ ಬೆಳಗಿನ ಬಣ್ಣದ ಬಟ್ಟೆ ಅವರ ಮಡಿಲಿನಿಂದ ಹರಿದು ಮೊಣಕಾಲಿನ ಮೇಲೆ ತುಳುಕಿ ನೆಲಕ್ಕಿಳಿಯುತ್ತಿತ್ತು. ನಡುನಡುವೆ ಅವರ ಕಾಲು ತಾನಾಗಿ ನಿಂತು, ಕಣ್ಣು ಕಿಟಕಿಯಾಚೆ ಹೋಗಿಬಿಡುತ್ತಿತ್ತು.

"ಏನ್ರೀ ಯೋಚನೆ?"

"ಏನಿಲ್ಲ ಕಣೇ. ಇಷ್ಟು ವರ್ಷ ಬೇರೆಯವರು ಮಾಡಿದ್ದಕ್ಕೆ ಮೊಹರು ಹಾಕ್ದೆ. ನನ್ನ ಕೈಯಿಂದ ಒಂದು ಸಾಮಾನು ಆಗ್ತಿರೋದು ಇದೇ ಮೊದಲು."

ಹೊಲಿಗೆ ಮುಗಿಸಿ ಕತ್ತರಿ ಎತ್ತಿಕೊಂಡರು. "ಒಳಗೆ ಸ್ವಲ್ಪ ಬಟ್ಟೆ ಬಿಡ್ರೀ, ಮುಂದೆ ಬಿಚ್ಚಬೇಕಾಗುತ್ತೆ," ಅಂದೆ.

"ಬಿಚ್ಚೋದು ತಪ್ಪು ಮಾಡಿದವರು," ಅಂದು ಹೊಲಿಗೆಯ ಪಕ್ಕಕ್ಕೇ ಕಚಕಚನೆ ಕತ್ತರಿಸಿದರು. ಕತ್ತರಿಸಿದ ತುಂಡುಗಳನ್ನೂ ಎಸೆಯಲಿಲ್ಲ. ಲಕೋಟೆಗೆ ಹಾಕಿ, ಮೇಲೆ 'ಹೆಚ್ಚುವರಿ' ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿದರು.

ನಿಜ ಹೇಳಬೇಕು, ಪುಟ್ಟಿ ಅದನ್ನು ತೊಟ್ಟು ನಿಂತಾಗ ನಾವೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡೆವು. ಒಂದು ಸುಕ್ಕಿಲ್ಲ. ಮೈಮೇಲೆ ಬಟ್ಟೆ ಹಾಕಿದ ಹಾಗಲ್ಲ, ಬೆಳಕು ಸುರಿದ ಹಾಗಿತ್ತು. ಮಹಡಿಯಾಕೆ ಇಳಿದುಬಂದು, ಸುತ್ತ ಮೂರು ಸುತ್ತು ಬಂದು, "ಏನ್ರೀ ಇದು, ಚಿತ್ರ ಬರೆದ ಹಾಗಿದೆ!" ಅಂದಳು. ಆಕೆಯ ಮಗಳೂ ಹನ್ನೆರಡು ಹಕ್ಕಿಗಳಲ್ಲಿ ಒಂದು. ನಮ್ಮನೆಯವರು ಏನೂ ಆಗದವರ ಹಾಗೆ ಟೇಪು ಸುತ್ತುತ್ತ ನಿಂತಿದ್ದರು. ಕಿವಿ ಮಾತ್ರ ಕೆಂಪಾಗಿತ್ತು.

ಇಷ್ಟರಲ್ಲಿ ಪುಟ್ಟಿಗೆ ಅಲ್ಲಾಡು ಎಂದು ಒಬ್ಬರೂ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಅಡುಗೆಮನೆಗೆ ಬಂದಳು. ಬಾಗಿಲು ಮುಂದಕ್ಕೆ ಮಾಡಿ, "ಅಮ್ಮ, ನೋಡು," ಎಂದು ಕೈ ಎತ್ತಿದಳು. ಕೈ ಭುಜದವರೆಗೆ ಬಂತು. ಅಲ್ಲಿ ನಿಂತಿತು. ಇನ್ನೂ ಎತ್ತಲು ಹೋದಾಗ ಬಟ್ಟೆ ಕಂಕುಳಲ್ಲಿ ಕಚ್ಚಿ, ಇಡೀ ಟಾಪು ಅವಳನ್ನು ಕೆಳಕ್ಕೆಳೆಯಿತು.

"ಇಷ್ಟೇ ಬರೋದು."

"ಅಯ್ಯೋ ಕಂದ! ಅಪ್ಪಂಗೆ ಹೇಳ್ಬೇಕಿತ್ತು."

"ಬೇಡಮ್ಮ. ಅಪ್ಪ ನಗ್ತಾ ಇದ್ರು."

ಹೇಳಬೇಕೆಂದು ಹೊರಗೆ ಬಂದೆ. ಅವರು ಮಷೀನಿಗೆ ಎಣ್ಣೆ ಬಿಡುತ್ತ, ತಮ್ಮಷ್ಟಕ್ಕೆ ತಾವೇ ಏನೋ ಗುನುಗುತ್ತಿದ್ದರು. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು ನನಗೆ. ನಾಳೆ ಪ್ರಾಕ್ಟೀಸಿದೆಯಲ್ಲ, ಮೇಡಮ್ಮೇ ನೋಡಿ ವಾಪಸ್ ಕಳಿಸುತ್ತಾರೆ, ಬೈಗುಳ ಅವರದಾಗಲಿ, ಸಮಾಧಾನ ನನ್ನದಾಗಲಿ ಎಂದು ಸುಮ್ಮನಾದೆ. ಸಂಸಾರದಲ್ಲಿ ಇಂಥ ಲೆಕ್ಕಾಚಾರ ಹತ್ತಕ್ಕೆ ಒಂಬತ್ತು ಸಲ ಸರಿಹೋಗುತ್ತದೆ. ಇದು ಹತ್ತನೆಯದು.

ಪ್ರಾಕ್ಟೀಸಿನಲ್ಲಿ ಏನಾಯಿತೆಂದರೆ, ಹನ್ನೊಂದು ಹಕ್ಕಿಗಳು ದೊಗಳೆ ತೋಳು ಬೀಸುತ್ತ ಕಾಗೆ ಓಡಿಸುವವರ ಹಾಗೆ ಕುಣಿದವು. ಹನ್ನೆರಡನೆಯದು ಮಾತ್ರ ಕೈಯನ್ನು ಸೊಂಟದಿಂದ ಎದೆಯವರೆಗೆ, ಎದೆಯಿಂದ ಸೊಂಟದವರೆಗೆ ಮೆಲ್ಲಮೆಲ್ಲನೆ ತೇಲಿಸಿತು. ಮೇಡಂ ತಾಳ ಹಾಕುವುದನ್ನೇ ಮರೆತರಂತೆ. "ನೋಡ್ರೇ ಅವಳನ್ನ! ನೀರಿನ ಮೇಲೆ ಮಂಜು ಆಡೋದು ಹೀಗೆ! ಯಾರು ಮಾಡಿಕೊಟ್ಟಿದ್ದಮ್ಮ ಇದನ್ನ?"

ಪುಟ್ಟಿ ಸುಳ್ಳು ಹೇಳುವವಳಲ್ಲ. "ನಮ್ಮಪ್ಪ," ಅಂದಳು.

ಅವಳನ್ನು ಹಿಂದಿನ ಸಾಲಿನ ಕೊನೆಯಿಂದ ಮುಂದಿನ ಸಾಲಿನ ನಡುವಿಗೆ ತಂದು ನಿಲ್ಲಿಸಿ, ಮೇಡಂ ಅವತ್ತು ಸಂಜೆಯೇ ನಮ್ಮ ಮನೆಗೆ ಬಂದರು. ಕುರ್ಚಿ ಎಳೆದು ಹಾಕುವ ಮುಂಚೆಯೇ, "ಸಾರ್, ನೀವು ಇಷ್ಟು ದಿನ ಎಲ್ಲಿದ್ರಿ?" ಅಂದರು.

"ಕಚೇರಿಯಲ್ಲಿ," ಅಂದರು ನಮ್ಮನೆಯವರು.

"ಎಷ್ಟು ಬೇಕೋ ಅಷ್ಟೇ! ಒಂದು ಚೂರು ಹೆಚ್ಚಿಲ್ಲ!"

"ಒಂದು ಮಿಲಿಮೀಟರೂ ಹೆಚ್ಚಿಲ್ಲ ಮೇಡಂ. ಬೇಕಾದ್ರೆ ನೋಡಿ."

"ನೋಡ್ದೆ ಸಾರ್, ಕಣ್ಣಲ್ಲಿ ನೀರು ಬಂತು. ಇದನ್ನ ಎಲ್ಲಿ ಕಲಿತ್ರಿ?"

"ಕಲಿಯೋದೇನಿದೆ? ಹೆಚ್ಚಾದದ್ದನ್ನ ತೆಗೆದುಬಿಡೋದು, ಅಷ್ಟೇ."

ಮೇಡಂ ಕಣ್ಣು ಮುಚ್ಚಿದರು. "ಹೆಚ್ಚಾದದ್ದನ್ನ ತೆಗೆದುಬಿಡೋದು... ಮೂವತ್ತು ವರ್ಷದಿಂದ ಮಕ್ಕಳಿಗೆ ಇದನ್ನೇ ಹೇಳೋಕೆ ಒದ್ದಾಡ್ತಿದೀನಿ ಸಾರ್. ಬಾಕಿ ಹನ್ನೊಂದು ಮಕ್ಕಳಿಗೂ ಮಾಡಿಕೊಡ್ತೀರಾ?"

"ಭಾನುವಾರ ಕಳಿಸಿ. ಟಾಪು ತರೋದು ಮರೀಬಾರದು."

"ಡ್ರೆಸ್ಸಲ್ಲೇ ಮಾಡಿಸ್ತೀರಾ! ಎಂಥ ಶಿಸ್ತು!"

ಒಬ್ಬರು ಹೊಲಿಗೆಯ ಮಾತಾಡುತ್ತಿದ್ದರು, ಇನ್ನೊಬ್ಬರು ಕುಣಿತದ ಮಾತಾಡುತ್ತಿದ್ದರು. ಕಾಫಿ ಲೋಟ ಹಿಡಿದು ನಡುವೆ ನಿಂತಿದ್ದ ನನಗೆ ಎರಡೂ ಕೇಳಿಸುತ್ತಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಇಬ್ಬರೂ ಎದ್ದು ನಿಂತು ಒಬ್ಬರಿಗೊಬ್ಬರು ಕೈಮುಗಿಯುತ್ತಿದ್ದರು.

ಭಾನುವಾರ ಹನ್ನೊಂದು ಮಕ್ಕಳು, ಹನ್ನೊಂದು ತಾಯಂದಿರು, ಒಬ್ಬರು ಮೇಡಂ ನಮ್ಮ ಪುಟ್ಟ ಹಜಾರದಲ್ಲಿ ತುಂಬಿಕೊಂಡರು. ಮಕ್ಕಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ ನಮ್ಮನೆಯವರು ಅಪ್ಪಣೆ ಮಾಡಿದರು. "ನೇರ ನಿಲ್ಲಿ. ಉಸಿರು ಹಿಡೀರಿ. ಯಾರೂ ಅಲ್ಲಾಡಬಾರದು."

ಇಪ್ಪತ್ತು ನಿಮಿಷ ಯಾರೂ ಅಲ್ಲಾಡಲಿಲ್ಲ. ಮೂಲೆಯಲ್ಲಿ ಕೂತ ಮೇಡಂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. "ಮೊದಲು ನಿಶ್ಚಲತೆ," ಎಂದು ಪಕ್ಕದವರಿಗೆ ಪಿಸುಗುಟ್ಟಿದರು. "ನಾವು ಮೊದಲೇ ಕುಣಿಸಿಬಿಡ್ತೀವಿ. ಅದೇ ನಮ್ಮ ತಪ್ಪು."

ಮಹಡಿಯಾಕೆಯಂತೂ ಮನೆಯವಳೇ ಆಗಿಹೋಗಿದ್ದಳು. "ಸಾಲು ಮುರೀಬೇಡ್ರೀ! ನಾವು ಇವರಿಗೆ ಮೊದಲಿಂದ ಗೊತ್ತು. ಇವರ ಬೀರು ನಮ್ಮ ಹತ್ರಾನೇ ಇದೆ."

ಅಷ್ಟರಲ್ಲಿ ಬಾಗಿಲಲ್ಲಿ ಕಚೇರಿಯ ಸಾಹೇಬರು. ಬೆವರು ಒರೆಸಿಕೊಳ್ಳುತ್ತ ಕೂಗಿದರು: "ಏನ್ರೀ, ಮೂಲ ಟೇಪು ಎಲ್ಲಿ? ಅದಿಲ್ದೆ ಊರಿನ ಒಂದು ಅಳತೆಯನ್ನೂ ನಂಬೋ ಹಾಗಿಲ್ಲ!"

ನಮ್ಮನೆಯವರು ಮಗುವಿನ ಬೆನ್ನಿನಿಂದ ಟೇಪು ತೆಗೆಯದೆ, "ಒಂದು ನಿಮಿಷ ಸಾರ್. ಈಗ ಮಾತಾಡಿದ್ರೆ ತಪ್ಪಾಗುತ್ತೆ," ಅಂದರು. ಸಾಹೇಬರು ಸುಮ್ಮನಾದರು. ಐದು ನಿಮಿಷ ನೋಡಿದರು. ಆಮೇಲೆ ಮೆಲ್ಲಗೆ, "ನನ್ನ ಕೋಟೂ ಸೊಂಟದ ಹತ್ರ ಸ್ವಲ್ಪ ದೊಗಳೆ ಕಣ್ರೀ," ಅಂದರು. ತಾಯಂದಿರು, "ಸಾಲಿನ ಕೊನೆಗೆ ಹೋಗಿ ಸಾರ್," ಅಂದರು. ಹೋದರು.

ಆ ವಾರ ನಮ್ಮನೆಯವರು ರಜೆ ಹಾಕಿದರು. ಹಜಾರದ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಹನ್ನೊಂದು ಟಾಪುಗಳನ್ನು ನೇತುಹಾಕಿದರು. ಫ್ಯಾನು ತಿರುಗಿದಾಗ ಅವೆಲ್ಲ ಒಟ್ಟಿಗೆ ಎದ್ದು, ಒಟ್ಟಿಗೆ ಇಳಿಯುತ್ತಿದ್ದವು. ಮನೆಯೊಳಗೆ ಒಂದು ಕೆರೆ ಬಂದು ಕೂತ ಹಾಗಾಗಿತ್ತು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದೆಂದರೆ ಮಂಜು ಸರಿಸಿಕೊಂಡು ಹೋದ ಹಾಗೆ. ತಣ್ಣನೆಯ ತೋಳೊಂದು ಕೆನ್ನೆ ಸವರಿಹೋಗುತ್ತಿತ್ತು. ಅವುಗಳ ಕೆಳಗೆ ಚಾಪೆ ಹಾಸಿ ಮಧ್ಯಾಹ್ನ ಮಲಗಿದ್ದ ಅತ್ತೆ ಎದ್ದು, "ಏನೇ, ಹಕ್ಕಿ ಏನಾದ್ರೂ ಒಳಗೆ ಬಂದಿತ್ತಾ? ರೆಕ್ಕೆ ಸದ್ದು ಕೇಳಿಸ್ತು," ಅಂದರು. ಇಲ್ಲ ಅನ್ನಲು ನನಗೂ ಧೈರ್ಯ ಬರಲಿಲ್ಲ. ನಮ್ಮನೆಯವರು ಆ ನೀಲಿಯ ನಡುವೆ ಕೂತು ಹೊಲಿದೇ ಹೊಲಿದರು. ಊಟಕ್ಕೆ ಕರೆದರೆ ತುಂಬ ದೂರದಿಂದ "ಹ್ಞೂಂ" ಅನ್ನುತ್ತಿದ್ದರು.

ಹನ್ನೊಂದು ಲಕೋಟೆಗಳು ತುಂಬಿದವು. ಹನ್ನೊಂದು ಜೊತೆ ಕೈಗಳು ಭುಜದ ಹತ್ತಿರ ನಿಂತವು.

ಮುಂದಿನ ಪ್ರಾಕ್ಟೀಸಿನಿಂದ ಪುಟ್ಟಿ ಬಂದವಳು ಶೂ ಬಿಚ್ಚಲಿಲ್ಲ, ಬ್ಯಾಗು ಇಳಿಸಲಿಲ್ಲ. ನೆಲದ ಮೇಲೆ ಕೂತಳು.

"ಏನಾಯ್ತು ಪುಟ್ಟಿ?"

"ಮೇಡಂ ಹಾರೋದನ್ನ ತೆಗೆದುಬಿಟ್ರು."

"ತೆಗೆದುಬಿಟ್ರಾ?"

"ಯಾರ ಕೈಯೂ ಮೇಲಕ್ಕೆ ಹೋಗ್ಲಿಲ್ಲಮ್ಮ. ಅದನ್ನ ನೋಡಿ ಮೇಡಂ, 'ಹಾರೋ ಹಕ್ಕೀನ ಎಲ್ರೂ ಮಾಡ್ತಾರೆ. ನಮ್ಮ ಹಕ್ಕಿ ಹಾರೋ ಯೋಚನೆ ಮಾಡುತ್ತೆ, ಅಷ್ಟೇ' ಅಂದ್ರು. ನೋಡೋಕೆ ಬಂದಿದ್ದ ಪೇಪರಿನವರಿಗೂ ಅದನ್ನೇ ಹೇಳಿದ್ರು." ಶೂ ಲೇಸನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಇಪ್ಪತ್ತು ಎಣಿಕೇನೂ ಯೋಚನೇನೇ ಮಾಡ್ಬೇಕಂತೆ. ನಾನು ಎಷ್ಟು ಅಂತ ಯೋಚನೆ ಮಾಡ್ಲಿ?"

ಮೂರು ತಿಂಗಳಲ್ಲಿ ಮೊದಲ ಸಲ ಅವತ್ತು ನಮ್ಮ ಮನೆಯಲ್ಲಿ ಯಾರೂ ಹಾರಲಿಲ್ಲ. ಹಲ್ಲುಜ್ಜುವಾಗಲೂ ಇಲ್ಲ.

ಇನ್ನು ಸುಮ್ಮನಿದ್ದರೆ ಆಗುವುದಿಲ್ಲ ಅನ್ನಿಸಿತು. ಸ್ಟೇಜಿಗೆ ನಾಲ್ಕೇ ದಿನವಿತ್ತು. ಆದರೆ ಇಪ್ಪತ್ತೆರಡು ವರ್ಷ ಅಳೆದವರಿಗೆ 'ನಿಮ್ಮ ಅಳತೆ ತಪ್ಪು' ಅಂದರೆ ಮತ್ತೊಮ್ಮೆ ಟೇಪು ಹಿಡಿದು ಸರಿ ಎಂದೇ ತೋರಿಸುತ್ತಾರೆ. ಸರಿಯೇ ಇರುತ್ತದೆ ಕೂಡ. ಅದಕ್ಕೆ ನಾನು ಬೇರೆ ದಾರಿ ಹಿಡಿದೆ.

"ರೀ, ನಿಮ್ಮ ಕಚೇರಿ ಅಂಗಿ ದೊಗಳೆಯಾಗಿದೆ. ನಿಮ್ಮ ಕ್ರಮದಲ್ಲೇ ನಾನೂ ಒಂದು ಹಿಡಿದುಕೊಡ್ಲಾ?"

ಅವರಿಗೆ ಆದ ಸಂತೋಷ ನೋಡಿ ನನಗೇ ಪಾಪ ಅನ್ನಿಸಿತು. ಗೋಡೆಗೆ ಬೆನ್ನು ಕೊಟ್ಟು ನಿಂತರು. ನೇರ ನಿಂತರು. ಹೇಳುವ ಮುಂಚೆಯೇ ಉಸಿರು ಹಿಡಿದರು. ನಾನು ಮೂರು ಸಲ ಅಳೆದು, ಹೊಲಿದು, ಒಳಗಿನ ಬಟ್ಟೆ ಕತ್ತರಿಸಿದೆ. ಮರುದಿನ ರಜೆ ಮುಗಿದು ಅದನ್ನೇ ತೊಟ್ಟು ಹೊರಟಾಗ ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚೇ ನಿಂತರು.

ಕಚೇರಿಯಲ್ಲಿ ಆದದ್ದು ನನಗೆ ಆಮೇಲೆ ತಿಳಿಯಿತು. ಅವತ್ತು ಅಂಗಡಿಯವರೆಲ್ಲ ಕೈತಕ್ಕಡಿ ತಂದು ಮೊಹರು ಹಾಕಿಸಿಕೊಳ್ಳುವ ದಿನ. ತಕ್ಕಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಮುಳ್ಳು ನೋಡಬೇಕು. ನಮ್ಮನೆಯವರು ಎತ್ತಿದರು. ತಕ್ಕಡಿ ಎದೆಯವರೆಗೆ ಬಂದು ನಿಂತಿತು. ಇನ್ನೊಮ್ಮೆ ಎತ್ತಿದರು. ಅಲ್ಲೇ ನಿಂತಿತು. ಕೆಲಸ ಬಿಡುವವರಲ್ಲ ಅವರು. ತಕ್ಕಡಿ ಕಣ್ಣಿಗೆ ಬರದಿದ್ದರೆ ಕಣ್ಣು ತಕ್ಕಡಿಗೆ ಹೋಗಬೇಕೆಂದು ಮೊಣಕಾಲು ಬಗ್ಗಿಸಿದರು. ಕೈ ಇನ್ನೂ ಕೆಳಗಿಳಿಯಿತು. ಇನ್ನಷ್ಟು ಬಗ್ಗಿದರು. ಕೊನೆಗೆ ಕುಕ್ಕರುಗಾಲಲ್ಲಿ ಕೂತರು. ಇದೇ ಹೊಸ ನಿಯಮ ಇರಬೇಕೆಂದು ಸಾಲಿನಲ್ಲಿದ್ದ ಅಂಗಡಿಯವರೂ ತಂತಮ್ಮ ತಕ್ಕಡಿ ಹಿಡಿದು ಒಬ್ಬೊಬ್ಬರಾಗಿ ಕೂತರು.

ಸಾಹೇಬರು ಕೋಣೆಯಿಂದ ಹೊರಗೆ ಬಂದು ನೋಡಿದರು. "ಏನ್ರೀ ಇದೆಲ್ಲ?"

"ಸಾರ್... ಅಂಗಿ."

"ಅಂಗಿಗೇನಾಗಿದೆ? ಬಹಳ ಚೆನ್ನಾಗಿ ಕೂತಿದೆಯಲ್ಲ."

"ಕೂತಿದೆ ಸಾರ್," ಅಂದರಂತೆ ನಮ್ಮನೆಯವರು. "ಕೂತೇ ಇದೆ. ಏಳ್ತಾ ಇಲ್ಲ."

ಮಧ್ಯಾಹ್ನಕ್ಕೇ ಮನೆಗೆ ಬಂದರು. ಮಷೀನಿನ ಮುಂದೆ ಕೂತು ತುಂಬ ಹೊತ್ತು ಅದರ ಚಕ್ರವನ್ನೇ ನೋಡಿದರು. "ಬೇಕಂತಲೇ ಮಾಡ್ದೆ ಅಲ್ವಾ?" ಅಂದರು ನನಗೆ.

"ಹ್ಞೂಂರೀ."

"ಪುಟ್ಟಿದು ಎಷ್ಟು ಮೇಲೆ ಹೋಗುತ್ತೆ?"

"ಇಷ್ಟು," ಎಂದು ತೋರಿಸಿದೆ.

"ಮೊದಲ ದಿನದಿಂದ?"

"ಮೊದಲ ದಿನದಿಂದ. ನೀವು ನಗ್ತಾ ಇದ್ರಿ ಅಂತ ಹೇಳಿರಲಿಲ್ಲ."

ಅವರು ಮಷೀನಿಗೆ ಮುಸುಕು ಹಾಕಿ ಎದ್ದರು. ಸ್ಕೂಲಿನಿಂದ ಪುಟ್ಟಿ ಬಂದ ಕೂಡಲೇ ಅವಳ ಬ್ಯಾಗನ್ನು ತಾವೇ ಇಳಿಸಿದರು. ಅವಳು ಅಭ್ಯಾಸದಂತೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ನಿಲ್ಲಬೇಡ ಪುಟ್ಟಿ. ಕುಣಿ."

"ಯಾವುದನ್ನ?"

"ಹಾರೋದನ್ನ."

ಅವಳು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಸಂಜೆಯ ಬಿಸಿಲಿನ ಚೌಕದೊಳಗೆ ಕಾಲಿಟ್ಟು, ಸ್ಕೂಲಿನ ಬಟ್ಟೆಯಲ್ಲೇ, ಅವಳು ಹಿಮ್ಮಡಿ ಎತ್ತಿದಳು. ಕೈ ಎದ್ದಿತು, ಭುಜ ದಾಟಿತು, ಕಿವಿ ದಾಟಿತು. ಭುಜ ಸರಿಯುತ್ತಿತ್ತು, ಪಕ್ಕೆ ಅರಳುತ್ತಿತ್ತು, ಬೆನ್ನು ಉದ್ದವಾಗುತ್ತಿತ್ತು. ಮೂರು ತಿಂಗಳು ಮನೆಯೆಲ್ಲ ಹಾರಾಡಿದ್ದ ಮಗಳನ್ನು ಅವರು ನೋಡಿದ್ದು ಅವತ್ತೇ ಮೊದಲು. ಬಾಯಿ ಸ್ವಲ್ಪ ತೆರೆದಿತ್ತು.

"ಇನ್ನೊಂದ್ಸಲ," ಅಂದರು. ಆಮೇಲೆ ಇನ್ನೊಂದ್ಸಲ. ಆರು ಸಲ ಹಾರಿಸಿದರು. ಆಮೇಲೆ ಟಾಪನ್ನು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಬೀದಿ ಮೂಲೆಗೆ ಹೋದರು.

ಟೈಲರ್ ಏನಾದರೂ ಅಂದಿದ್ದರೆ ಅನ್ನಿಸಿಕೊಳ್ಳಲು ತಯಾರಾಗಿಯೇ ಹೋಗಿದ್ದರು. ಆತ ಒಳ್ಳೆಯವನು. ಟಾಪಿನ ಒಳಬದಿ ತಿರುಗಿಸಿ ನೋಡಿ, "ಹೊಲಿಗೆ ನನಗಿಂತ ನೇರ ಬಂದಿದೆ ಸಾರ್," ಅಂದನಂತೆ. "ಆದ್ರೆ ಬಿಚ್ಚೋಕೆ ಬಟ್ಟೇನೇ ಇಟ್ಟಿಲ್ಲ. ಕಂಕುಳಲ್ಲಿ ಒಂದೊಂದು ಚೌಕದ ತುಂಡು ಕೂರಿಸ್ಬೇಕು. ಕೈ ಎತ್ತಿದಾಗ ಅದು ಬಿಚ್ಚಿಕೊಳ್ಳುತ್ತೆ, ಇಳಿಸಿದಾಗ ಮಡಿಚಿಕೊಳ್ಳುತ್ತೆ. ಇದೇ ಬಟ್ಟೆ ಎಲ್ಲಿಂದ ತರೋದು?"

ನಮ್ಮನೆಯವರು ಹನ್ನೆರಡು ಲಕೋಟೆಗಳನ್ನು ಮೇಜಿನ ಮೇಲಿಟ್ಟರು. ಟೈಲರ್ ಒಂದೊಂದರ ಮೇಲಿನ ಸಹಿಯನ್ನೂ ಓದಿ, ಮೊದಲ ಸಲ ಬಾಯಿಂದ ಗುಂಡುಪಿನ್ನು ತೆಗೆದು ನಕ್ಕ.

ಎರಡು ದಿನ ತಾಯಂದಿರೆಲ್ಲ ನಮ್ಮ ಮೆಟ್ಟಿಲ ಮೇಲೆ ಸಾಲಾಗಿ ಕೂತು ಹೊಲಿಗೆ ಬಿಚ್ಚಿದರು. ಟೈಲರ್ ತುಂಡು ಕೂರಿಸಿದ, ನಮ್ಮನೆಯವರು ಹೊಲಿದರು. "ಮೊದಲೇ ಸರಿಯಾಗಿ ಮಾಡಬಾರದಿತ್ತಾ?" ಎಂದು ಯಾರೋ ಅಂದದ್ದಕ್ಕೆ ಮಹಡಿಯಾಕೆ, "ಸರಿಯಾಗೇ ಮಾಡಿದ್ರು ಕಣ್ರೀ, ಅದೇ ತೊಂದರೆ," ಅಂದಳು. ಈ ಮನೆಯ ಇತಿಹಾಸ ಆಕೆಗೆ ಚೆನ್ನಾಗಿ ಗೊತ್ತು.

ಮೇಡಂಗೆ ಹೇಳುವುದೊಂದು ಉಳಿದಿತ್ತು. ನಮ್ಮನೆಯವರು ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದರು. ತಮಗೆ ಕುಣಿತ ಗೊತ್ತಿಲ್ಲ, ಟಾಪು ಬಿಗಿಯಾಗಿತ್ತು, ಮಕ್ಕಳಿಗೆ ಕೈ ಎತ್ತಲು ಆಗುತ್ತಿರಲಿಲ್ಲ, ಈಗ ಆಗುತ್ತದೆ, ದಯವಿಟ್ಟು ಹಾರಿಸಿ.

ಮೇಡಂ ನಕ್ಕುಬಿಟ್ಟರು. "ದೊಡ್ಡವರೆಲ್ಲ ಹೀಗೇ ಹೇಳೋದು ಸಾರ್, ನಮಗೇನೂ ಗೊತ್ತಿಲ್ಲ ಅಂತ. ಹಾರೋದು ಬೇಡ. ಯೋಚನೇಲೇ ಈ ಕುಣಿತದ ಜೀವ ಇದೆ. ಪೇಪರಿನಲ್ಲಿ ಬಂದಾಗಿದೆ."

ಸ್ಟೇಜಿನ ಹಿಂದೆ ಪುಟ್ಟಿಗೆ ಟಾಪು ತೊಡಿಸಿ ಗುಂಡಿ ಹಾಕುತ್ತ ಅವರು ಹೇಳಿದರು: "ಮೇಡಂ ಹಾರಬಾರದು ಅಂದಿದ್ದಾರೆ. ಟಾಪಿನ ಕಡೆಯಿಂದ ಈಗ ಅಡ್ಡಿ ಇಲ್ಲ. ಅದಕ್ಕಿಂತ ಹೆಚ್ಚು ಹೇಳೋಕೆ ಅಪ್ಪಂಗೆ ಗೊತ್ತಾಗಲ್ಲ."

ಪುಟ್ಟಿ ಓಡಿಹೋಗಿ ಉಳಿದ ಹಕ್ಕಿಗಳ ಸಾಲಿಗೆ ಸೇರಿಕೊಂಡಳು.

ದೀಪ ಆರಿತು. ಕೊಳಲು ಶುರುವಾಯಿತು. ಬೆಳಕು ನೆಲದಿಂದ ಮೇಲಕ್ಕೆ, ನೀರು ಏರುವ ಹಾಗೆ ಏರಿತು. ಅದರೊಳಗೆ ಹನ್ನೆರಡು ಹಕ್ಕಿಗಳು ಕತ್ತು ಬಗ್ಗಿಸಿ ನಿದ್ದೆ ಮಾಡುತ್ತಿದ್ದವು. ಎದ್ದವು, ನೀರು ಮುಟ್ಟಿದವು, ರೆಕ್ಕೆ ನೇವರಿಸಿಕೊಂಡವು. ಎಲ್ಲ ಮೇಡಂ ಹೇಳಿದ ಹಾಗೆಯೇ. ಕೊನೆಯ ಇಪ್ಪತ್ತು ಎಣಿಕೆ ಬಂತು. ಬೆಳಕು ಹಳದಿಗೆ ತಿರುಗಿತು. ಹನ್ನೆರಡೂ ಮಕ್ಕಳು ಕೈ ಕೆಳಗಿಟ್ಟು, ದೂರ ನೋಡುತ್ತ, ಹಾರುವ ಯೋಚನೆ ಮಾಡಿದರು.

ನಾನು ಎಣಿಸುತ್ತಿದ್ದೆ. ಆರು. ಏಳು. ಎಂಟು. ನನ್ನ ಪಕ್ಕದಲ್ಲಿ ನಮ್ಮನೆಯವರು ಯಾರೂ ಹೇಳದೆಯೇ ಉಸಿರು ಹಿಡಿದಿದ್ದರು.

ಒಂಬತ್ತಕ್ಕೆ ಪುಟ್ಟಿಯ ಹಿಮ್ಮಡಿ ನೆಲ ಬಿಟ್ಟಿತು.

ಪರದೆಯ ಪಕ್ಕ ನಿಂತಿದ್ದ ಮೇಡಂ, "ಯೋಚನೆ! ಯೋಚನೆ ಮಾತ್ರ!" ಎಂದು ಪಿಸುಗುಟ್ಟಿದ್ದು ಮೂರನೆಯ ಸಾಲಿನ ನಮಗೂ ಕೇಳಿಸಿತು. ಪುಟ್ಟಿಗೆ ಕೇಳಿಸಲಿಲ್ಲ. ಅವಳು ಆಗಲೇ ಕಣ್ಣು ಮುಚ್ಚಿದ್ದಳು. ಕೈ ಎದ್ದಿತು, ಭುಜ ದಾಟಿತು. ಅವಳ ಹಿಂದೆ ಮಹಡಿಯಾಕೆಯ ಮಗಳದು ಎದ್ದಿತು. ಆಮೇಲೆ ಅತ್ತ ಒಂದು, ಇತ್ತ ಎರಡು. ಕೆರೆಯಿಂದ ಹಕ್ಕಿಗಳು ನಿಜವಾಗಿ ಏಳುವುದೂ ಹಾಗೆಯೇ ಅಲ್ಲವೇ, ಒಂದನ್ನು ನೋಡಿ ಇನ್ನೊಂದು. ಹನ್ನೆರಡು ಜೊತೆ ಕೈಗಳು ಬೆಳಕಿನೊಳಗೆ ಹೋದವು. ಮತ್ತೆ ದೀಪ ಆರಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಕತ್ತಲಲ್ಲಿ ನಮ್ಮತ್ತೆಯ ಧ್ವನಿ ಕೇಳಿಸಿತು: "ಎಲ್ಲಿಗೆ ಹೋದ್ವೇ ಎಲ್ಲ?"

ಆಮೇಲೆ ಚಪ್ಪಾಳೆ ಶುರುವಾದದ್ದು ನಿಲ್ಲಲೇ ಇಲ್ಲ. ಪೇಪರಿನವನು ಓಡಿಹೋಗಿ ಮೇಡಂ ಮುಂದೆ ನಿಂತ. ಮೇಡಂ ಒಮ್ಮೆ ಗಂಟಲು ಸರಿಮಾಡಿಕೊಂಡು, "ಅಷ್ಟು ಹೊತ್ತು ಯೋಚನೆ ಮಾಡಿಸಿದ್ದೇ ಇದಕ್ಕೆ," ಅಂದರು. ನನಗೆ ಆ ಹೆಂಗಸಿನ ಮೇಲೆ ಗೌರವ ಹೆಚ್ಚಾಯಿತು.

ಪುಟ್ಟಿ ಮೆಟ್ಟಿಲಿಳಿದು ಜನರ ನಡುವೆ ನುಗ್ಗಿಕೊಂಡು ಬಂದಳು. ನನ್ನನ್ನು ದಾಟಿಕೊಂಡು ಹೋಗಿ ಅಪ್ಪನ ಮುಂದೆ ನಿಂತಳು.

"ನೋಡಿದ್ಯಾ ಅಪ್ಪ?"

"ನೋಡ್ದೆ."

"ಎಷ್ಟು ಮೇಲೆ ಹೋಯ್ತು ಕೈ?"

ಅವರು ಬಗ್ಗಿ ಅವಳ ತೋಳಿನ ಮಡಿಕೆಯನ್ನು ಸರಿಮಾಡಿದರು.

"ಅಳೀಲಿಲ್ಲ ಪುಟ್ಟಿ," ಅಂದರು.